ಕಾಲೇಜು ಮೆಟ್ಟಿಲೇರುವ ಮಾಜಿ ಸೈನಿಕನಿಗೆ ನಾವೇನು ಮಾಡಬಲ್ಲೆವು?

(ಹೊಳೆನರಸೀಪುರದಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವರ್ತಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು)

ಗಿರಣಿ ಬಂಧುಗಳೇ, ಅಂಗಡಿ ಬಾಗಿಲನ್ನು ಹೊತ್ತಿಗೆ ಮೊದಲೇ ಹಾಕಿ ಬಂದಿರುವ ವರ್ತಕ ಮಿತ್ರರೇ, ತಾಯಂದಿರೇ,

ಬೋನಸ್ಸಿನ ವಿಷಯವನ್ನೋ ಕಂದಾಯದ ವಿಷಯವನ್ನೋ ಕೇಳಲು ನೀವು ಬಂದಿದ್ದರೆ ಇವತ್ತು ನಿಮಗೆ ನಿರಾಶೆಯಾಗಬಹುದು. ನಾವು ಮಾತಾಡಬೇಕೆಂದಿರುವುದು ಪಟ್ಟಾಳದಿಂದ ಊರಿಗೆ ಬಂದು ಕಾಲೇಜಿಗೆ ಸೇರಬೇಕೆಂದು ಹೊರಡುವ ಮನುಷ್ಯನ ವಿಷಯ. ಇದು ನಮಗೆ ಸಂಬಂಧಪಟ್ಟದ್ದಲ್ಲ, ಸರ್ಕಾರಕ್ಕೆ ಸಂಬಂಧಪಟ್ಟದ್ದು ಎಂದು ಕೆಲವರಿಗೆ ತೋರಬಹುದು. ಆದರೆ ಆ ಮನುಷ್ಯ ಯಾರ ಮನೆಯವನು? ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷ, ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿನ ಬೆಲೆ ಕುಸಿದ ವರ್ಷ, ಚನ್ನರಾಯಪಟ್ಟಣದ ತೆಂಗಿಗೆ ನುಸಿ ಹತ್ತಿದ ವರ್ಷ, ಹತ್ತನೆಯ ತರಗತಿ ಮುಗಿಸಿದ ಹುಡುಗ ಓಟ ಅಭ್ಯಾಸ ಮಾಡಿ ಪಟ್ಟಾಳಕ್ಕೆ ಹೋಗುತ್ತಾನೆ. ಅವನು ನಿಮ್ಮ ತಮ್ಮ, ನಿಮ್ಮ ಭಾವಮೈದ, ನಿಮ್ಮ ಪಕ್ಕದ ಮಗ್ಗದಲ್ಲಿ ನಿಂತಿರುವವನ ಮಗ. ದೊಡ್ಡ ಮನೆಯ ಹುಡುಗ ಇಂಜಿನಿಯರಿಂಗಿಗೆ ಹೋಗುತ್ತಾನೆ. ನಮ್ಮವನು ಬೆಂಗಳೂರಿನ ಮದರಾಸ್ ಇಂಜಿನಿಯರ್ ಗ್ರೂಪಿಗೋ ಮತ್ತಾವುದೋ ರೆಜಿಮೆಂಟಿಗೋ ಹೋಗಿ ಸೇತುವೆ ಕಟ್ಟುತ್ತಾನೆ. ಇಬ್ಬರೂ ಇಂಜಿನಿಯರ್ ಎಂಬ ಹೆಸರಿಗೇ ಹೋದವರು. ತಿರುಗಿ ಬಂದಾಗ ಒಬ್ಬನ ಕೈಲಿ ಡಿಗ್ರಿ ಇರುತ್ತದೆ, ಇನ್ನೊಬ್ಬನ ಕೈಲಿ ಡಿಸ್ಚಾರ್ಜ್ ಪುಸ್ತಕ.

ಪಟ್ಟಾಳದವರನ್ನು ಗೌರವಿಸುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರೆಂದು ಈಗಲೂ ಭಾಷಣ ಮಾಡುತ್ತೇವೆ. ಅವರ ನೆನಪಿಗೆ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಕಲ್ಲು ನೆಟ್ಟಿದ್ದಾರೆ. ಆಗಸ್ಟ್ 15 ಬಂದರೆ ಮಾಜಿ ಯೋಧರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತೇವೆ. ಬೇಡವೆನ್ನುವುದಿಲ್ಲ. ಆದರೆ ಶಾಲು ಹೊದ್ದವನು ಮಾರನೆಯ ದಿನ ಅರ್ಜಿ ಹಿಡಿದು ಕಾಲೇಜಿನ ಕಿಟಕಿಯ ಮುಂದೆ ನಿಂತಾಗ ಅವನ ಹಿಂದೆ ಯಾರೂ ಇರುವುದಿಲ್ಲ.

ನಮಗೆ ಗೊತ್ತಿರುವ ಒಬ್ಬರ ಸಂಗತಿ ಹೇಳುತ್ತೇವೆ. ಹೆಸರು, ಊರು ಹೇಳುವುದಿಲ್ಲ, ಅವರಿಗದು ಇಷ್ಟವಿಲ್ಲ. ಹದಿನೆಂಟನೆಯ ವಯಸ್ಸಿಗೆ ಸಿಪಾಯಿಯಾಗಿ ಹೋಗಿ ಹದಿನೇಳು ವರ್ಷ ದುಡಿದು ಮೂವತ್ತೈದಕ್ಕೆ ಊರಿಗೆ ಬಂದರು. ಪಿಂಚಣಿ ಬರುತ್ತಿತ್ತು. ಅದರಲ್ಲಿ ಮನೆ ನಡೆದೀತು, ಮಗಳ ಓದು ನಡೆಯದು. ಹಾಸನದ ಕಡೆ ಒಂದು ಗಿರಣಿಯಲ್ಲಿ ರಾತ್ರಿ ಕಾವಲಿಗೆ ಸೇರಿದರು. ಪಿಯುಸಿ ಆಗಿರಲಿಲ್ಲವಾದ್ದರಿಂದ ಮೊದಲು ಖಾಸಗಿ ಅಭ್ಯರ್ಥಿಯಾಗಿ ಅದನ್ನು ಕಟ್ಟಿ ಪಾಸು ಮಾಡಿಕೊಂಡರು. ಮೇಷ್ಟರಾಗಬೇಕೆಂಬುದು ಅವರ ಆಸೆ. ಪಟ್ಟಾಳದಲ್ಲಿ ಹೊಸ ಹುಡುಗರಿಗೆ ನಕ್ಷೆ ಓದುವುದನ್ನು ಕಲಿಸುತ್ತಿದ್ದರಂತೆ, ಅದರಿಂದ ಹುಟ್ಟಿದ ಆಸೆ.

ಒಂದು ದಿನ ನಮ್ಮ ಹತ್ತಿರ ಬಂದು ಕೇಳಿದರು: “ಮೇಷ್ಟ್ರೇ, ಹದಿನೈದು ವರ್ಷ ಸರ್ವೀಸ್ ಮಾಡಿದೋರಿಗೆ ಡಿಗ್ರಿ ಆದಂಗೇ ಲೆಕ್ಕ ಅಂತಾರೆ. ನನ್ ಕೈಲೂ ಆ ಸರ್ಟಿಫಿಕೇಟ್ ಐತೆ. ಇನ್ನು ಕಾಲೇಜಿಗ್ಯಾಕೆ ಹೋಗ್ಬೇಕು?”

ನಾವು ಮೆಟ್ರಿಕ್ಕಿಗೇ ಓದು ನಿಲ್ಲಿಸಿ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಹೋದವರು. ಆದರೂ ತಿಳಿದವರಂತೆ ಮಾತಾಡಿಬಿಟ್ಟೆವು. “ಹೌದಲ್ಲ, ಸರ್ಕಾರವೇ ಕೊಟ್ಟ ಸರ್ಟಿಫಿಕೇಟು, ಸಾಕು ಬಿಡಿ” ಎಂದೆವು. ಅವರು ನಂಬಿದರು. ಬಿ.ಎಡ್.ಗೆ ಅರ್ಜಿ ಹಾಕಿದರು. ಅರ್ಜಿ ತಿರುಗಿ ಬಂತು. ಒಂದು ವರ್ಷ ಹೋಯಿತು.

ತಪ್ಪು ನಮ್ಮದು. ಆ ಸರ್ಟಿಫಿಕೇಟಿನ ನಿಜವಾದ ಬೆಲೆಯನ್ನು ಈಗ ತಿಳಿದುಕೊಂಡಿದ್ದೇವೆ, ನೀವೂ ಕೇಳಿಕೊಳ್ಳಿ. ಹತ್ತನೆಯ ತರಗತಿ ಪಾಸಾಗಿ, ಸೈನ್ಯದ ವಿಶೇಷ ಶಿಕ್ಷಣ ಸರ್ಟಿಫಿಕೇಟನ್ನೋ ನೌಕಾದಳ, ವಾಯುದಳಗಳ ಅದಕ್ಕೆ ಸಮನಾದ ಸರ್ಟಿಫಿಕೇಟನ್ನೋ ಪಡೆದು, ಕನಿಷ್ಠ 15 ವರ್ಷ ಸೇವೆ ಮಾಡಿದವನನ್ನು, ಕೇಂದ್ರ ಸರ್ಕಾರದ ಗ್ರೂಪ್ ಸಿ ಕೆಲಸಗಳಲ್ಲಿ ಮಾಜಿ ಸೈನಿಕರಿಗೆಂದೇ ಮೀಸಲಿಟ್ಟ ಜಾಗಗಳ ಮಟ್ಟಿಗೆ ಪದವೀಧರನಿಗೆ ಸಮ ಎಂದು ಎಣಿಸುತ್ತಾರೆ. ಅಷ್ಟೇ. ವಿಶೇಷ ತಾಂತ್ರಿಕ ವಿದ್ಯೆ ಬೇಕಾದ ಕೆಲಸಕ್ಕೆ ಅದು ನಡೆಯದು. ಅದನ್ನು ತೋರಿಸಿ ಬಿ.ಎಡ್. ಸೇರಲಾಗದು, ಎಂ.ಎ. ಸೇರಲಾಗದು. ಡಿಗ್ರಿ ಬೇಕಾದವನು ಡಿಗ್ರಿಯನ್ನೇ ಓದಬೇಕು. ಈ ಒಂದು ಮಾತನ್ನು ಸಕಾಲದಲ್ಲಿ ಸರಿಯಾಗಿ ಹೇಳುವವರು ಊರಲ್ಲಿ ಒಬ್ಬರಿದ್ದಿದ್ದರೆ ಆ ಮನುಷ್ಯನ ಒಂದು ವರ್ಷ ಉಳಿಯುತ್ತಿತ್ತು.

ಮುಂದೆ ಕೇಳಿ. ಮರುವರ್ಷ ಅವರು ಒಂದು ಕಾಲೇಜಿನಲ್ಲಿ ಬಿ.ಎ.ಗೆ ಸೇರಿದರು. ಸೇರುವ ದಿನವೇ ಕಿಟಕಿಯ ಹಿಂದಿದ್ದವರು, “ಏನಪ್ಪಾ, ಮಗನ ಅಡ್ಮಿಷನ್ನಾ?” ಎಂದು ಕೇಳಿದರಂತೆ. ತನಗೇ ಎಂದಾಗ ನಕ್ಕರಂತೆ. ಇವರು ನಗಲಿಲ್ಲ. ತರಗತಿಯ ಹುಡುಗರು ಒಳ್ಳೆಯವರೇ. “ಮಿಲ್ಟ್ರಿ ಅಣ್ಣ” ಎಂದು ಕರೆಯುತ್ತಿದ್ದರು, ಹಿಂದಿನ ಬೆಂಚು ಬಿಟ್ಟುಕೊಡುತ್ತಿದ್ದರು. ಕಷ್ಟ ಬಂದದ್ದು ನಾವು ಯಾರೂ ನೆನೆಸದ ಕಡೆಯಿಂದ. ಹದಿನೇಳು ವರ್ಷ ಹಿಂದಿಯಲ್ಲೇ ಮಾತು, ಹಿಂದಿಯಲ್ಲೇ ಹುಕುಂ. ಮನೆಗೆ ಫೋನು ಮಾಡಿದಾಗ ಆಡಿದ್ದೇ ಕನ್ನಡ. ಪರೀಕ್ಷೆಯಲ್ಲಿ ಇತಿಹಾಸದ ಉತ್ತರವನ್ನು ಕನ್ನಡದಲ್ಲಿ ಹತ್ತು ಪುಟ ಬರೆಯಬೇಕೆಂದರೆ ಕೈ ಬರದು. ಒತ್ತಕ್ಷರ ಎಲ್ಲಿ ಬರುತ್ತದೆ, ದೀರ್ಘ ಎಲ್ಲಿ ಬರುತ್ತದೆ ಎಂಬುದೇ ಗೊಂದಲ. “ಮೇಷ್ಟ್ರೇ, ಬಂದೂಕ ಬಿಚ್ಚಿ ಕಣ್ಮುಚ್ಕೊಂಡು ಜೋಡಿಸ್ತೀನಿ. ಈ ಕೊಂಬು, ಇಳಿ ಮಾತ್ರ ಕೈಗೆ ಹತ್ತಾಕಿಲ್ಲ” ಎಂದು ಅವರು ಹೇಳಿದಾಗ ನಮಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಮಗ್ಗಿ, ಕಾಗುಣಿತ ಹೇಳಿಕೊಡುವುದೇ ನಮ್ಮ ಕಸುಬಾಗಿತ್ತಲ್ಲ! ವಾರಕ್ಕೆರಡು ಸಂಜೆ ಕೂತು ಬರೆಸಿದೆವು. ನಾಲ್ಕು ತಿಂಗಳಲ್ಲಿ ಕೈ ಕುದುರಿತು. ಇದಕ್ಕೆ ಸರ್ಕಾರದ ಆದೇಶ ಬೇಕಾಗಲಿಲ್ಲ, ಒಂದು ಪೈಸೆ ಖರ್ಚಾಗಲಿಲ್ಲ.

ಆದರೆ ಗಿರಣಿಯ ಪಾಳಿ ನಮ್ಮ ಕೈಲಿರಲಿಲ್ಲ. ರಾತ್ರಿ ಪಾಳಿಯಲ್ಲಿದ್ದವರನ್ನು ಒಂದು ತಿಂಗಳು ಹಗಲಿಗೆ ಹಾಕಿದರು, ಮತ್ತೆ ರಾತ್ರಿಗೆ, ಮತ್ತೆ ಹಗಲಿಗೆ. ಕಾಲೇಜಿನ ಹಾಜರಿ ನೂರಕ್ಕೆ 75 ಇರಬೇಕು. ಅವರದು ಕಡಿಮೆ ಬಿತ್ತು. ಪರೀಕ್ಷೆಗೆ ಕೂರಿಸಲಿಲ್ಲ. ಗಿರಣಿಯಲ್ಲಿ ಕೇಳಿದರೆ, ಓದಿಗೆಂದು ಪಾಳಿ ಕೊಡುವ ಪದ್ಧತಿ ಇಲ್ಲವೆಂದರು. ಕಾಲೇಜಿನಲ್ಲಿ ಕೇಳಿದರೆ ನಿಯಮ ಎಲ್ಲರಿಗೂ ಒಂದೇ ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಆ ಎರಡು ನಿಜಗಳ ನಡುವೆ ಆ ಮನುಷ್ಯನ ಎರಡನೆಯ ವರ್ಷವೂ ಹೋಯಿತು.

ಮಾಜಿ ಸೈನಿಕರಿಗೆ ಸರ್ಕಾರ ಬೇಕಾದಷ್ಟು ಕೊಡುತ್ತದಲ್ಲ ಎಂದು ನೀವು ಕೇಳಬಹುದು. ಏನು ಕೊಡುತ್ತದೆಂದು ನೋಡೋಣ. 2006–07ರಲ್ಲಿ ಶುರುವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 5,500 ಮಂದಿಗೆ, ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ, ವೃತ್ತಿ ಶಿಕ್ಷಣದ ಓದಿಗೆ. ಯಾರಿಗೆ? ಮಾಜಿ ಸೈನಿಕನ ಮಕ್ಕಳಿಗೆ, ಅವನು ತೀರಿಕೊಂಡಿದ್ದರೆ ಹೆಂಡತಿಗೆ. ರಕ್ಷಣಾ ಮಂತ್ರಿಯ ಕಲ್ಯಾಣ ನಿಧಿಯಿಂದ ಶಿಕ್ಷಣ ಸಹಾಯವಿದೆ; ತಿಂಗಳಿಗೆ 1,000 ಇದ್ದದ್ದನ್ನು 2025ರ ನವೆಂಬರಿನಿಂದ 2,000 ಮಾಡಿದರು. ಅದೂ ಇಬ್ಬರು ಮಕ್ಕಳಿಗೆ, ಇಲ್ಲವೆ ಎಂ.ಎ. ಮುಂತಾದ್ದನ್ನು ಓದುವ ವಿಧವೆಗೆ. ನಮ್ಮ ಸಿಇಟಿಯಲ್ಲಿ ಸೈನಿಕರ, ಮಾಜಿ ಸೈನಿಕರ ಕೋಟಾ ಇದೆ. ಅದೂ ಮಕ್ಕಳಿಗೆ. ಮಕ್ಕಳಿಗೆ ಕೊಡುವುದು ನ್ಯಾಯವೇ. ಒಂದು ಕಾಸೂ ಅಲ್ಲಿಂದ ತೆಗೆಯಬೇಡಿ. ಆದರೆ ಬಂದೂಕು ಹೊತ್ತವನೇ ಪುಸ್ತಕ ಹೊರುತ್ತೇನೆಂದರೆ ಈ ದೊಡ್ಡ ಯೋಜನೆಗಳಲ್ಲಿ ಅವನ ಹೆಸರು ಬರೆಯುವ ಕಾಲಮ್ಮೇ ಇಲ್ಲ. ಇವನು ಇನ್ನು ಕಾವಲಿಗೆ ನಿಲ್ಲುವವನೇ ಹೊರತು ಓದುವವನಲ್ಲ ಎಂದು ಯೋಜನೆ ಬರೆದವರು ಮೊದಲೇ ತೀರ್ಮಾನಿಸಿಬಿಟ್ಟಂತಿದೆ.

ಆ ಕಲ್ಯಾಣ ನಿಧಿಗೆ ಹಣ ಬರುವುದೆಲ್ಲಿಂದ ಗೊತ್ತೆ? ಧ್ವಜ ದಿನಾಚರಣೆಯ ನಿಧಿಯಿಂದ. 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಪುಟ್ಟ ಧ್ವಜ ಹಂಚಿ ಹಣ ಕೂಡಿಸುತ್ತಾರಲ್ಲ, ಅದು. ಮೇಷ್ಟರಾಗಿದ್ದಾಗ ನಾವೇ ಮಕ್ಕಳ ಕೈಲಿ ಆ ಧ್ವಜಗಳನ್ನು ಕೊಟ್ಟು ಅಂಗಡಿ ಅಂಗಡಿಗೆ ಕಳಿಸಿದವರು. ನಿಮ್ಮಲ್ಲಿ ಅನೇಕರು ಗಲ್ಲದ ಪೆಟ್ಟಿಗೆಯಿಂದ ಹತ್ತೋ ಇಪ್ಪತ್ತೋ ಕೊಟ್ಟವರು. ಆದಕಾರಣ ಆ ನಿಧಿಯ ವಿಷಯವಾಗಿ ಮಾತಾಡುವ ಹಕ್ಕು ನಿಮಗಿದೆ. ಡಿಗ್ರಿ ಓದುವ ಮಾಜಿ ಸೈನಿಕನಿಗೂ ಅದರಲ್ಲಿ ಪಾಲಿರಲಿ ಎಂದು ಈ ನಾಲ್ಕು ಊರುಗಳ ವರ್ತಕರು ಕೈಹಾಕಿ ಒಂದು ಮನವಿ ಕಳಿಸಿದರೆ, ಧ್ವಜ ಕೊಂಡವರ ಮಾತಾಗಿ ಅದಕ್ಕೊಂದು ತೂಕ ಬರುತ್ತದೆ.

ಹೊರದೇಶದಲ್ಲಿ ಹೇಗೆ ಮಾಡಿದರು ಎಂಬುದನ್ನು ಸ್ವಲ್ಪ ಹೇಳುತ್ತೇವೆ. ಅಮೆರಿಕದ ಹೊಗಳಿಕೆ ನಮ್ಮ ಬಾಯಲ್ಲಿ ಸುಲಭವಾಗಿ ಬರುವುದಿಲ್ಲವೆಂದು ನಿಮಗೆ ಗೊತ್ತು. ಮೊದಲ ಮಹಾಯುದ್ಧದ ಮಾಜಿ ಸೈನಿಕರು ತಮಗೆ ಬರಬೇಕಾದ ಬೋನಸ್ ಕೇಳಲು 1932ರಲ್ಲಿ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡು ಕೂತರು. ಅವರನ್ನು ಓಡಿಸಿದ್ದು ಅವರದೇ ದೇಶದ ಸೈನ್ಯ. ಆ ನಾಚಿಕೆಗೇಡು ಮತ್ತೆ ಬರಬಾರದೆಂದು ಮಾಜಿ ಸೈನಿಕರ ಸಂಘವೇ ಪಟ್ಟುಹಿಡಿದು ಮಸೂದೆ ಬರೆಯಿಸಿತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ರುಜು ಹಾಕಿದರು. ಯುದ್ಧದಿಂದ ಬಂದವನು ಕಾಲೇಜಿಗೆ ಸೇರಿದರೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ ಸರ್ಕಾರದ್ದು, ಮೇಲೆ ತಿಂಗಳಿಗೆ 50 ಡಾಲರ್ ಊಟ ವಸತಿಗೆ, ಸಂಸಾರವಿದ್ದರೆ 75. ಇವರು ಬಂದರೆ ವಿದ್ಯೆಯ ಮಟ್ಟ ಕೆಟ್ಟೀತೆಂದು ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯದ ಮುಖ್ಯಸ್ಥರು ಗಾಬರಿಯಾದರು. ಆದದ್ದು ಬೇರೆ. 1947ರಲ್ಲಿ ಅಲ್ಲಿನ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮಾಜಿ ಸೈನಿಕರೇ. ಒಟ್ಟು 22 ಲಕ್ಷ ಮಂದಿ ಕಾಲೇಜು ಓದಿದರು, ಚೆನ್ನಾಗಿಯೇ ಓದಿದರು. ಕಾನೂನು ಕೊಟ್ಟದ್ದನ್ನು ಬಾಗಿಲು ಕಿತ್ತುಕೊಂಡದ್ದೂ ಉಂಟು: ದಕ್ಷಿಣದ ರಾಜ್ಯಗಳಲ್ಲಿ ಕರಿಯ ಸೈನಿಕನಿಗೆ ಬಿಳಿಯರ ಕಾಲೇಜು ತೆರೆಯಲಿಲ್ಲ. ಕಾನೂನಿನ ಮೇಲೆ ಒಂದು ಕಣ್ಣು, ಕಾಲೇಜಿನ ಕಿಟಕಿಯ ಮೇಲೆ ಒಂದು ಕಣ್ಣು, ಎರಡೂ ಬೇಕು ಎಂಬುದಕ್ಕಾಗಿ ಇದನ್ನು ಹೇಳಿದೆವು.

ಅದೇ ಯುದ್ಧದಲ್ಲಿ ನಮ್ಮ ದೇಶದ 25 ಲಕ್ಷ ಮಂದಿ ದುಡಿದಿದ್ದರು. ಅವರಲ್ಲಿ ಎಷ್ಟು ಮಂದಿ ಬಿ.ಎ. ಆದರು? ಲೆಕ್ಕ ಕೇಳಿದವರೇ ಇಲ್ಲ.

ಈಗ ಈ ಸಭೆಯನ್ನು ಕರೆದ ಮುಖ್ಯ ಕಾರಣಕ್ಕೆ ಬರುತ್ತೇವೆ. 2022ರ ಜೂನಿನಲ್ಲಿ ಅಗ್ನಿಪಥವೆಂಬ ಯೋಜನೆ ಬಂತು. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನ ಹುಡುಗರಿಗೆ ನಾಲ್ಕು ವರ್ಷದ ನೌಕರಿ. ನೂರಕ್ಕೆ 25ರವರೆಗೆ ಮಾತ್ರ ಮುಂದುವರಿಸುತ್ತಾರೆ, ಮಿಕ್ಕವರು ಊರಿಗೆ. ಆ ವರ್ಷದ ಕೊನೆಯಲ್ಲಿ ತರಬೇತಿಗೆ ಹೊರಟ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ, 2027ರ ಮೊದಲಿಗೆ. ಮೇಲೆ ಹೇಳಿದ ನಮ್ಮ ಸ್ನೇಹಿತರಿಗೆ ಪಿಂಚಣಿಯಾದರೂ ಇತ್ತು. ಈ ಹುಡುಗರಿಗೆ ಪಿಂಚಣಿ ಇಲ್ಲ, ಗ್ರ್ಯಾಚುಯಿಟಿ ಇಲ್ಲ, ಸೈನ್ಯದ ಕ್ಯಾಂಟೀನಿಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯವಿಲ್ಲ. ಯೋಜನೆಯ ಷರತ್ತಿನ ಪ್ರಕಾರ ಮಾಜಿ ಸೈನಿಕ ಎಂಬ ಹೆಸರೂ ಇಲ್ಲ. ನಾಲ್ಕು ವರ್ಷ ಸಮವಸ್ತ್ರ ತೊಟ್ಟವನನ್ನು ನಾಳೆ ಏನೆಂದು ಕರೆಯಬೇಕೋ ನಮಗೆ ತಿಳಿಯದು.

ಕೈಗೆ ಸುಮಾರು 11.71 ಲಕ್ಷ ಸಿಗುತ್ತದಲ್ಲ ಎನ್ನುತ್ತಾರೆ. ಇಲ್ಲಿ ಲೆಕ್ಕ ಬಲ್ಲ ವರ್ತಕರಿದ್ದೀರಿ, ಕೂಡಿಸಿ ನೋಡಿ. ಮೊದಲ ವರ್ಷ ಸಂಬಳ 30,000, ಆಮೇಲೆ 33,000, 36,500, 40,000. ಅದರಲ್ಲಿ ನೂರಕ್ಕೆ 30ರಂತೆ ತಿಂಗಳು ತಿಂಗಳೂ ಹಿಡಿದುಕೊಳ್ಳುತ್ತಾರೆ. ನಾಲ್ಕು ವರ್ಷಕ್ಕೆ 5 ಲಕ್ಷ 2 ಸಾವಿರ ಹುಡುಗನದೇ ಹಣ. ಅಷ್ಟೇ ಸರ್ಕಾರ ಹಾಕುತ್ತದೆ. ಮಿಕ್ಕದ್ದು ಬಡ್ಡಿ. ದೊಡ್ಡ ಮೊತ್ತವೇ, ಸುಳ್ಳಲ್ಲ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಆ ಹಣ ಬರುವ ಮೊದಲೇ ಅದಕ್ಕೆ ಹಕ್ಕುದಾರರು ಹುಟ್ಟಿಕೊಂಡಿರುತ್ತಾರೆ. ಅಕ್ಕನ ಮದುವೆಯ ಸಾಲ, ನೀರು ಸಿಗದ ಎರಡು ಬೋರ್‌ವೆಲ್ಲಿನ ಸಾಲ, ಸೋರುವ ಮನೆಯ ತಾರಸಿ. ಎಲ್ಲ ಕಳೆದು ಓದಿಗೆ ಉಳಿಯುವುದು ಎಷ್ಟೆಂದು ಊಹಿಸಿ. ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ.

ಓದಿಗೆ ಒಂದು ದಾರಿಯನ್ನು ಮಾಡಿದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹತ್ತನೆಯ ತರಗತಿ ಓದಿ ಹೋದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಏರ್ಪಾಡಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷದ ವಿಶೇಷ ಪದವಿಯಿದೆ. ಸೈನ್ಯದಲ್ಲಿ ಪಡೆದ ತರಬೇತಿಗೇ ಅರ್ಧ ಅಂಕಮಾನ ಕೊಟ್ಟು, ಮಿಕ್ಕ ಅರ್ಧವನ್ನು ಓದಿ ಮುಗಿಸಬೇಕು. ಒಳ್ಳೆಯದೇ. ಆದರೆ ಗಡಿಯಲ್ಲಿದ್ದ ಹುಡುಗ ಅದನ್ನು ಅರ್ಧಕ್ಕೆ ಬಿಟ್ಟು ಬಂದರೆ? ಯಾವ ಕಾಗದ, ಯಾವ ಕೇಂದ್ರ, ಯಾವ ಕೊನೆ ದಿನ ಎಂದು ಅರಕಲಗೂಡಿನ ಒಂದು ಹಳ್ಳಿಯಲ್ಲಿ ಕೂತವನಿಗೆ ಯಾರು ಹೇಳುತ್ತಾರೆ? ಅರೆಸೈನಿಕ ಪಡೆಗಳಲ್ಲಿ ಒಂದಷ್ಟು ಜಾಗ ಈ ಹುಡುಗರಿಗೆ ಎಂದಿದ್ದಾರೆ. ಸರಿ, ಆದರೆ ಎಲ್ಲರೂ ಮತ್ತೆ ಬಂದೂಕನ್ನೇ ಹಿಡಿಯಬೇಕೆಂಬ ಕಟ್ಟಲೆ ಏನು?

ಹಾಸನ ದೂರವೇನಲ್ಲ ಎನ್ನಬಹುದು. ಹೊಳೆನರಸೀಪುರದವರಿಗೆ ಮೈಸೂರು–ಹಾಸನ ರೈಲಿದೆ. 2017ರಲ್ಲಿ ಬೆಂಗಳೂರಿಗೆ ನೇರ ಮಾರ್ಗ ಪೂರ್ತಿಯಾದ ಮೇಲೆ ಚನ್ನರಾಯಪಟ್ಟಣಕ್ಕೂ ರೈಲಿನ ಅನುಕೂಲ ಹೆಚ್ಚಾಯಿತು. ಅರಕಲಗೂಡಿಗೆ ರೈಲಿಲ್ಲ, ಬಸ್ಸೇ ಗತಿ, ಹಾಸನಕ್ಕೆ ಸುಮಾರು 30 ಕಿಲೋಮೀಟರು. ಕೊಣನೂರು, ರಾಮನಾಥಪುರದವರಿಗೆ ಇನ್ನೂ ದೂರ. ಸೈನಿಕ ಕಲ್ಯಾಣ ಇಲಾಖೆಯ ಆಫೀಸು ಇರುವುದು ಜಿಲ್ಲಾ ಕೇಂದ್ರದಲ್ಲಿ. ಒಂದು ಸಂಶಯ ಕೇಳಲು ಒಂದು ದಿನದ ಕೂಲಿ ಹೋಗುತ್ತದೆ. ಸಂಬಂಧಪಟ್ಟವರು ಇರದಿದ್ದರೆ ಎರಡು ದಿನದ್ದು. ಆ ಇಲಾಖೆಯವರು ತಿಂಗಳಿಗೊಂದು ದಿನ ಈ ಮೂರು ತಾಲ್ಲೂಕಿಗೂ ಬಂದು ಕೂತುಕೊಳ್ಳಲಿ, ಅಗ್ನಿವೀರರ ಕಾಗದವನ್ನೂ ನೋಡಲಿ ಎಂಬುದು ನಮ್ಮ ಒಂದು ಬೇಡಿಕೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ದುಡಿಯುವವರಿಗಾಗಿ ಸಂಜೆ ತರಗತಿ ನಡೆಸಬೇಕು, ಅದು ಇನ್ನೊಂದು. ಸಂಜೆ ತರಗತಿ ಬಂದರೆ ಪ್ರಯೋಜನ ಮಾಜಿ ಸೈನಿಕನಿಗಷ್ಟೇ ಅಲ್ಲ. ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳೂ ಅದೇ ಬೆಂಚಿನಲ್ಲಿ ಕೂರಬಹುದು.

ಬೇಡಿಕೆ ಇರಲಿ. ಬೇಡಿಕೆ ಈಡೇರುವವರೆಗೆ ಊರು ಏನು ಮಾಡಬಲ್ಲದು?

ಗಿರಣಿ ಬಂಧುಗಳೇ, ನಿಮ್ಮ ಕೈಲಿರುವುದು ಪಾಳಿ. ಮಾಲೀಕ ಕೊಡಲಿ ಬಿಡಲಿ, ಪಾಳಿ ಬದಲಾಯಿಸಿಕೊಳ್ಳುವುದು ನಿಮ್ಮೊಳಗೇ ನಡೆದುಬಂದ ಸಂಗತಿ. ಹಬ್ಬಕ್ಕೆ, ಮದುವೆಗೆ, ಹೆಂಡತಿಯ ಹೆರಿಗೆಗೆ ಒಬ್ಬರಿಗೊಬ್ಬರು ಮಾಡಿಕೊಟ್ಟಿದ್ದೀರಿ. ಓದುವವನಿಗೂ ಮಾಡಿಕೊಡಿ. ಐದು ಮಂದಿ ಒಪ್ಪಿದರೆ ಒಬ್ಬನನ್ನು ವರ್ಷವಿಡೀ ಒಂದೇ ಪಾಳಿಯಲ್ಲಿ ಇಡಬಹುದು. ಮುಂದಿನ ಸಲ ಸಂಘ ಒಪ್ಪಂದಕ್ಕೆ ಕೂತಾಗ, ಕಾಲೇಜಿನಲ್ಲಿ ಓದುವ ಕೆಲಸಗಾರನಿಗೆ ಸ್ಥಿರ ಪಾಳಿ, ಪರೀಕ್ಷೆಗೆ ರಜೆ ಎಂಬ ಎರಡು ಸಾಲನ್ನು ಸೇರಿಸಿ. ಬೋನಸ್ಸಿನಷ್ಟು ದೊಡ್ಡ ಸಾಲಲ್ಲ, ಮಾಲೀಕನಿಗೆ ಅದರಿಂದ ನಷ್ಟವೂ ಇಲ್ಲ.

ವರ್ತಕ ಮಿತ್ರರೇ, ನಿಮ್ಮಿಂದ ನಾವು ದಾನ ಕೇಳುತ್ತಿಲ್ಲ. ಹಳೆಯ ಮೈಸೂರಿನಲ್ಲಿ ವಾರಾನ್ನದ ಪದ್ಧತಿ ಇತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆಯಲ್ಲಿ ಉಂಡು ಓದು ಮುಗಿಸುತ್ತಿದ್ದ. ದೊಡ್ಡ ದೊಡ್ಡವರೆಲ್ಲ ಹಾಗೆ ಓದಿದವರೇ. ಆಮೇಲೆ ಜಾತಿ ಜಾತಿಗೆ ಒಂದು ವಿದ್ಯಾರ್ಥಿನಿಲಯ ಬಂತು. ಅದರಿಂದ ಉಪಕಾರವಾದದ್ದೂ ಹೌದು, ಊಟದೆಲೆ ಬೇರೆ ಬೇರೆಯಾದದ್ದೂ ಹೌದು. ಪಟ್ಟಾಳದಲ್ಲಿ ಎಲ್ಲರೊಡನೆ ಒಂದೇ ಲಂಗರಿನಲ್ಲಿ ಉಂಡು ಬಂದವನಿಗೆ ಈ ಎರಡೂ ಹೊಂದುವುದಿಲ್ಲ. ಅವನು ಅನ್ನ ಕೇಳುವವನಲ್ಲ. ಅವನಿಗೆ ಬೇಕಾದ್ದು ಸಂಜೆ ಐದರಿಂದ ಎಂಟರವರೆಗೆ ಲೆಕ್ಕ ಬರೆಯುವ ಒಂದು ಕೆಲಸ, ಪರೀಕ್ಷೆಯ ತಿಂಗಳು ಬಿಡುವು, ಪಿಂಚಣಿ ಬರುವ ದಿನದವರೆಗೆ ಜೆರಾಕ್ಸಿಗೆ, ನೋಟ್‌ಬುಕ್ಕಿಗೆ ಉದ್ದರಿ. ಅಂಗಡಿಯ ಮೇಲೆ ಖಾಲಿ ಇರುವ ಒಂದು ಕೋಣೆಯನ್ನು ರಾತ್ರಿ ಓದಲು ಬಿಟ್ಟುಕೊಡಿ. ಮನೆಯಲ್ಲಿ ಟೀವಿ, ಮಕ್ಕಳು, ನೆಂಟರು. ಇನ್ನೊಂದು ಮಾತು: ನೀವು ಕಟ್ಟುವ ಕಂದಾಯದ ಜತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ, 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ. ಆ ಹಣ ನಿಮ್ಮದು. ಬಿ.ಎ., ಬಿ.ಕಾಂ.ನ ಪಠ್ಯಪುಸ್ತಕಗಳನ್ನು ನಮ್ಮ ಊರಿನ ಗ್ರಂಥಾಲಯಕ್ಕೆ ತರಿಸಿರೆಂದು ನೀವು ಕೇಳಿದರೆ ಯಾರೂ ಇಲ್ಲವೆನ್ನಲಾರರು.

ನಿವೃತ್ತ ಮೇಷ್ಟರುಗಳೂ ಇಲ್ಲಿ ಕೆಲವರು ಕಾಣುತ್ತಿದ್ದೀರಿ. ಕಾಗುಣಿತದ ಕೆಲಸ ನಿಮ್ಮದು. ನಾವು ಹೇಳಿದ್ದು ತಮಾಷೆಯಲ್ಲ. ಹಿಂದಿಯಲ್ಲಿ ಬದುಕಿ ಬಂದವನಿಗೆ ಕನ್ನಡದ ಬರವಣಿಗೆ ಕುದುರಿಸುವುದು ಮೊದಲ ನಾಲ್ಕು ತಿಂಗಳ ಅಗತ್ಯ. ಅದಾಗದೆ ಎಷ್ಟೋ ಮಂದಿ ಮೊದಲ ಪರೀಕ್ಷೆಯಲ್ಲೇ ಸೋತು, “ಓದು ನಮಗಲ್ಲ ಬಿಡಿ” ಎಂದು ಕೈಬಿಡುತ್ತಾರೆ. ಸೋತದ್ದು ಬರವಣಿಗೆಯಲ್ಲಿ, ಬುದ್ಧಿಯಲ್ಲಲ್ಲ.

ಅರ್ಜಿಯ ಕೆಲಸವನ್ನು ನಾವು ಹೊತ್ತುಕೊಳ್ಳುತ್ತೇವೆ. ಈ ಸಲ ತಿಳಿದಂತೆ ನಟಿಸುವುದಿಲ್ಲ. ಯಾವ ಪದವಿಗೆ ಮಾನ್ಯತೆ ಇದೆ, ಯಾವುದಕ್ಕಿಲ್ಲ ಎಂಬುದನ್ನು ಕಾಗದ ನೋಡಿಯೇ ಹೇಳುತ್ತೇವೆ. ಏಕೆಂದರೆ ಮೈಸೂರಿನ ನಮ್ಮದೇ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇಲ್ಲದೆ ಹೋಗಿ, ಆಗ ಸೇರಿದವರು ಬಹಳ ಕಣ್ಣೀರು ಹಾಕಿದರು. 2018ರಲ್ಲಿ ಮಾನ್ಯತೆ ಮತ್ತೆ ಬಂತು. ಕಾಲೇಜಿಗೆ ದಿನಾ ಹೋಗಲಾಗದವನಿಗೆ ಮುಕ್ತ ವಿಶ್ವವಿದ್ಯಾನಿಲಯವೇ ದಾರಿ. ಆದರೆ ಸೇರುವ ವರ್ಷ, ಸೇರುವ ಕೋರ್ಸು ಎರಡನ್ನೂ ವಿಚಾರಿಸಿ ಸೇರಬೇಕು. ಮಾಜಿ ಸೈನಿಕರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಪಟ್ಟಾಳದವರಿಗೆ ಕೇಳುವ ಅಭ್ಯಾಸ ಕಡಿಮೆ. ಹುಕುಂ ಬಂದರೆ ಮಾಡುತ್ತಾರೆ, ಇಲ್ಲದಿದ್ದರೆ ಸುಮ್ಮನೆ ನಿಲ್ಲುತ್ತಾರೆ. ಅವರ ಪರವಾಗಿ ಕೇಳಲು ಜತೆಗೊಬ್ಬರು ಹೋದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಸ್ನೇಹಿತರೇನಾದರು ಎಂದು ಮುಂದಿನ ಸಾಲಿನ ಯಜಮಾನರು ಕೇಳುತ್ತಿದ್ದಾರೆ. ಬಿಟ್ಟಿಲ್ಲ. ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿಕೊಂಡು ಓದುತ್ತಿದ್ದಾರೆ. ಮಗಳೂ ಅವರೂ ಒಂದೇ ಮೇಜಿನ ಎರಡು ಬದಿಗೆ ಕೂತು ಓದುತ್ತಾರಂತೆ. ಅಪ್ಪನ ಒತ್ತಕ್ಷರವನ್ನು ಈಗ ತಿದ್ದುವವಳು ಅವಳೇ, ನಮಗೆ ಆ ಕೆಲಸ ತಪ್ಪಿತು. ಗಿರಣಿಯ ಪಾಳಿ ಮಾತ್ರ ಹಾಗೇ ಇದೆ.

ಬರುವ ಭಾನುವಾರದಿಂದ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನಾವು ಇದೇ ಜಾಗದಲ್ಲಿ ಕೂತಿರುತ್ತೇವೆ. ಪಟ್ಟಾಳದಿಂದ ಬಂದವರು ಡಿಸ್ಚಾರ್ಜ್ ಪುಸ್ತಕ, ಹತ್ತನೆಯ ತರಗತಿಯ ಅಂಕಪಟ್ಟಿ, ಸೈನ್ಯದ ಶಿಕ್ಷಣ ಸರ್ಟಿಫಿಕೇಟುಗಳ ನಕಲು ತರಲಿ. ಅಸಲನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ ಸಹ. ಮಗನೋ ತಮ್ಮನೋ ಅಗ್ನಿವೀರನಾಗಿರುವವರು ಅವನು ಬರುವ ತಿಂಗಳನ್ನು ಈಗಲೇ ಬರೆಸಿ. ಯಾವ ಕಾಲೇಜಿನಲ್ಲಿ ಅರ್ಜಿ ಯಾವಾಗ ಎಂದು ಅವನು ಬರುವ ಮೊದಲೇ ನೋಡಿಡುತ್ತೇವೆ. ಪಾಳಿ ಬದಲಿಗೆ ಒಪ್ಪುವವರು ಒಂದು ಪುಟದಲ್ಲಿ, ಕೋಣೆ, ಕೆಲಸ, ಉದ್ದರಿ ಕೊಡುವವರು ಇನ್ನೊಂದು ಪುಟದಲ್ಲಿ ಹೆಸರು ಬರೆಯಿರಿ. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯವರು ಆಗಲೇ ಬರೆದಿದ್ದಾರೆ. ಪುಸ್ತಕ ಮೇಜಿನ ಮೇಲಿದೆ.